ಅರವತ್ತಮೂರನೇ ಕೊಕ್ಕೆ

ರೀಗಾ ನಗರದ ಹಳೆಯ ಟ್ರಾಮ್ ಶೆಡ್ಡಿನಲ್ಲಿ
ಫೆಬ್ರವರಿಯ ಮೂರು ದಿನ
ಬಂದವರ ಕೋಟು ಇಸಿದುಕೊಳ್ಳುವವಳು ನಾನು.
ಸ್ಕೈದ್ರೀತೆ ಅಂತ ಹೆಸರು. ಇಪ್ಪತ್ತಾರು ವರ್ಷ
ಆಪೆರಾ ಮನೆಯಲ್ಲಿ ತುಪ್ಪಳದ ಕೋಟುಗಳ ನಡುವೆ ನಿಂತು
ಹಾಡನ್ನೆಲ್ಲ ಗೋಡೆಯ ಈಚೆಯಿಂದಲೇ ಕೇಳಿದವಳು.

ಇವರ ಕೋಟುಗಳದು ಬೇರೆ ಜಾತಿ.
ಜೇಬಲ್ಲಿ ವೈರು, ಬೆನ್ನ ಮೇಲೊಂದು ನೀರುನಾಯಿ,
ತೋಳಿಗೆ ಹೋದ ಸಲದ ಊರಿನ ಸ್ಟಿಕ್ಕರು.

ಮೊದಲ ವರ್ಷ ಕೇಳಿದ್ದೆ:
ಈ ಡೇಟಾಬೇಸಿಗೆ ಯಜಮಾನ ಯಾರಪ್ಪ?
ಹೆಸರುಪಟ್ಟಿ ಹಂಚುತ್ತಿದ್ದ ಗ್ವಿಡೊ ಅತ್ತಿತ್ತ ನೋಡಿದ,
ನಿಜಕ್ಕೂ ಹುಡುಕುವವನ ಹಾಗೆ.
"ಆಸ್ಪತ್ರೆ, ಬ್ಯಾಂಕು, ನಿಮ್ಮ ಟ್ರಾಮಿನ ಪಾಸು,
ಎಲ್ಲದರ ಲೆಕ್ಕ ಇದರೊಳಗಿದೆ ಅಜ್ಜಿ.
ಯಜಮಾನ ಮಾತ್ರ..." ಅಂದವನೇ
ಯಾರದೋ ಹೆಸರುಪಟ್ಟಿ ಹುಡುಕಲು ಹೋದ.

ಲೆಕ್ಕ ನನಗೂ ಗೊತ್ತು.
ಇನ್ನೂರ ಹನ್ನೆರಡು ಕೊಕ್ಕೆ, ಅಷ್ಟೇ ಹಿತ್ತಾಳೆ ಬಿಲ್ಲೆ.
ಒಂದು ಬಿಲ್ಲೆಗೆ ಒಂದೇ ಕೋಟು.
ಬಿಲ್ಲೆ ಕಳೆದರೆ ಮಂತ್ರಿಯೂ ಚಳಿಯಲ್ಲಿ ನಿಲ್ಲಬೇಕು.

ಹೋದ ವರ್ಷ, ಎರಡನೇ ದಿನ, ಊಟದ ಹೊತ್ತು.
ಒಳಗೆ ಬೂದು ಬಟಾಣಿ, ರೈ ಬ್ರೆಡ್ಡು, ಉದ್ದ ಸಾಲು.
ನನ್ನ ಕಟ್ಟೆಯ ಮುಂದೆ ಇಬ್ಬರು ತಟ್ಟೆ ಹಿಡಿದು ಊಟ ಮರೆತಿದ್ದರು:
ಔಲುವಿನ ಇರ್ಮೆಲಿ, ಮೊಂಟೆವಿಡಿಯೊದ ಬಾಲ್ಡೊಮೆರೊ.
ಹನ್ನೊಂದು ವರ್ಷ ಬರೆದೂ ಬರೆದೂ ಜಗಳಾಡಿದವರು
ಮುಖ ನೋಡಿದ್ದು ಅವತ್ತೇ ಮೊದಲು.
ಅವಳು ಇಷ್ಟು ಕುಳ್ಳಿ ಅಂತ ಅವನಿಗೆ ಗೊತ್ತಿರಲಿಲ್ಲ,
ಅವನ ದನಿ ಇಷ್ಟು ಮೆತ್ತಗೆ ಅಂತ ಅವಳಿಗೆ.

ಜಗಳವೋ, ಕೋಷ್ಟಕದಲ್ಲಿ
ಏನೂ ಬರೆಯದೆ ಬಿಟ್ಟ ಒಂದು ಮನೆಯ ಬಗ್ಗೆ.
"ಅದು ಸೊನ್ನೆಯಲ್ಲ."
"ಸರಿ, ಅಲ್ಲ."
"ಇಲ್ಲ ಅಂತಲೂ ಅಲ್ಲ. ಗೊತ್ತಿಲ್ಲ ಅಂತ."
"ಗೊತ್ತಿಲ್ಲದ ಹೊಟ್ಟೆಯಲ್ಲೇ ಇಲ್ಲ ಕೂತಿದೆಯಲ್ಲ!
ಎರಡು ಖಾಲಿ ಮನೆ ಪಕ್ಕಪಕ್ಕ ಬಂದರೆ
ಸಮ ಅಂದುಬಿಡಲಿ. ಜನಕ್ಕೆ ಬೇಕಿರುವುದೂ ಅದೇ."
"ಜನಕ್ಕೆ ಬೇಕು ಅಂತ ಸುಳ್ಳು ಹೇಳಿಸುತ್ತೀಯಾ?"
ಅವಳ ಚಮಚ ಅವನ ಎದೆಗೆ ಗುರಿಯಿಟ್ಟಿತ್ತು.

ನನಗೆ ತಡೆಯಲಾಗಲಿಲ್ಲ.
ನೋಡಿ, ಅರವತ್ತಮೂರರಲ್ಲಿ ಒಂದು ಕೋಟು.
ಎಂಬತ್ತೊಂಬತ್ತರಲ್ಲಿ ಇನ್ನೊಂದು.
ಆಚೆ ವರ್ಷದವು, ಯಾರೂ ಕೇಳಿಕೊಂಡು ಬರಲಿಲ್ಲ.
ಇದರ ಜೇಬಲ್ಲಿ ಅರ್ಧ ತಿಂದ ಚಾಕಲೇಟು,
ಅದರಲ್ಲಿ ಒಂಟಿ ಕೈಗವಸು.
ಇದು ಯಾರದು? ಗೊತ್ತಿಲ್ಲ. ಅದು? ಗೊತ್ತಿಲ್ಲ.
ಹಾಗಂತ ಇಬ್ಬರೂ ಒಬ್ಬರೇ ಅನ್ನಲಾದೀತೆ?
ಬೇರೆಬೇರೆ ಅಂತಲಾದರೂ ಆಣೆಯಿಡಲಾದೀತೆ?

ಇರ್ಮೆಲಿ ನಗುತ್ತ ಕಟ್ಟೆಗೆ ಒರಗಿದಳು.
ಬಾಲ್ಡೊಮೆರೊ ಆ ಎರಡು ಕೋಟುಗಳನ್ನೇ ಬಹಳ ಹೊತ್ತು ನೋಡಿದ,
ಸಾವಿನ ಮನೆಗೆ ಮಾತಾಡಿಸಲು ಬಂದವನ ಹಾಗೆ.
ಆಮೇಲೆ ತಣ್ಣಗಾದ ಬಟಾಣಿ ತಿಂದರು.
ಒಪ್ಪಿದರು ಅಂತಲ್ಲ.
ಸಂಜೆ ಮತ್ತೆ ಜೋರು ದನಿ ಕೇಳಿತು, ಬೇರೇನಕ್ಕೋ.

ಈ ವರ್ಷದ ಕೈಪಿಡಿಯ ಏಳನೇ ಅಧ್ಯಾಯದಲ್ಲಿ
ಎರಡು ಕೋಟುಗಳ ಉದಾಹರಣೆ.
ಗ್ವಿಡೊ ತೋರಿಸಿದ. ಕನ್ನಡಕ ಹಾಕಿಕೊಂಡೆ.
ಕೊನೆಯ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರ,
ನೆರವಾದವರು ನಾನೂರು ಜನ,
ಅವರ ನಡುವೆ ನಾನು:
ಸ್ಕೈದ್ರಿತೆ.
ದೀರ್ಘ ನುಂಗಿದ್ದಾರೆ!
ತಪ್ಪು ಅಂದೆ. "ಹಾಗಾದರೆ ತಿದ್ದಿ" ಅಂದು
ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ.

ಒಂದೇ ಒಂದು ದೀರ್ಘ.
ಮೂವರು ಪರಿಶೀಲಿಸಬೇಕಂತೆ. ಇಬ್ಬರು ಒಪ್ಪಿದ್ದಾರೆ.
ಮೂರನೆಯವನು, ಬಾಲ್ಡೊಮೆರೊ ಅಲ್ಲದೆ ಮತ್ಯಾರು,
ಆಧಾರ ಕೇಳಿದ್ದಾನೆ.
ನಾಳೆ ಬರಲಿ. ಪಾಸ್‌ಪೋರ್ಟು ಮುಖಕ್ಕೇ ಹಿಡಿಯುತ್ತೇನೆ.

ಹೊರಗೆ ಹಿಮ ಬೀಳುತ್ತಿದೆ.
ಇನ್ನೂರ ಹತ್ತು ಬಿಲ್ಲೆ ಕೊಟ್ಟಾಯಿತು.
ಮತ್ತೊಬ್ಬ ಬಂದ, ಭುಜವೆಲ್ಲ ಬೆಳ್ಳಗೆ.
"ಆ ಹಳೇ ಕೋಟು ತೆಗೆಯಬಾರದೆ?" ಅಂದ ಮೇಲ್ವಿಚಾರಕ.
ಕೇಳಿಸದವಳ ಹಾಗೆ
ಬಂದವನ ಕೋಟು ಕೊಡವಿ
ನನ್ನ ಕುರ್ಚಿಯ ಬೆನ್ನಿಗೆ ಹಾಕಿದೆ.