ಮೂರನೇ ಪ್ರೂಫು

ನಲವತ್ತೊಂದನೇ ಪುಟದಲ್ಲಿ ಅವನಿಗೆ ಹನ್ನೊಂದು ವರ್ಷ.
ತೊಂಬತ್ತೇಳರಲ್ಲಿ, ಅದೇ ಮಳೆಗಾಲ, ಅದೇ ಸೇತುವೆ, ಒಂಬತ್ತು.
ನೂರಾ ನಲವತ್ತಕ್ಕೆ ಬಂದರೆ ಹದಿಮೂರು.
ಅಂಚಿನಲ್ಲಿ ಮೂರು ಕಡೆ ಕೆಂಪು ಪ್ರಶ್ನೆಚಿಹ್ನೆ ಹಾಕಿದೆ.
ಪುಟಕ್ಕೆ ಎಂಟು ರೂಪಾಯಿಯಂತೆ ನನ್ನ ಕೆಲಸ ಇಷ್ಟೇ:
ಅಕ್ಷರಕ್ಕೆ ಅಕ್ಷರ, ಲೆಕ್ಕಕ್ಕೆ ಲೆಕ್ಕ ಕೂಡಬೇಕು.

ಗದಗಿನ ಸ್ಟೇಷನ್ ರೋಡಿನ ಹಿಂದೆ,
ಕಟಿಂಗ್ ಮಷೀನಿನ ಮಗ್ಗುಲಲ್ಲಿ ನನ್ನ ಮೇಜು.
ಚಾಕು ಇಳಿದಾಗಲೆಲ್ಲ
ಚಹದ ಕಪ್ಪಿನೊಳಗೊಂದು ಸಣ್ಣ ಉಂಗುರ.
ಆ ದೇಶ ನಕಾಶೆಯಲ್ಲಿ ಎಲ್ಲಿದೆಯೆಂದು
ಮಾಲೀಕ ಫಕ್ಕೀರಪ್ಪನವರಿಗೂ ಗೊತ್ತಿಲ್ಲ.
"ಲಗೂನ ಮುಗಸ್ರಿ ಅಕ್ಕಾರ,
ಲಗ್ನಪತ್ರಿಕಿ ಸಾಲಗಟ್ಟಿ ನಿಂತಾವು."

ಧಾರವಾಡಕ್ಕೆ ಫೋನು ಹಚ್ಚಿದೆ, ಅನುವಾದಿಸಿದವರಿಗೆ.
ಮಾಳಮಡ್ಡಿಯ ಕುಮುದಾಬಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು.
ಹಿಂದೆ ಕುಕ್ಕರಿನ ಸೀಟಿ. ಆಮೇಲೆ:
"ತಪ್ಪಲ್ರೀ ಅದು. ಮೂಲದಾಗೂ ಹಾಂಗ ಅದ.
ಅವಗ ತನ್ನ ಖರೇ ವಯಸ್ಸು ಗೊತ್ತಿಲ್ಲ.
ಬಂದೂಕು ಹೆಗಲಿಗೆ ಹಾಕಿ ನಿಲ್ಲಿಸಿ ನೋಡತಿದ್ದರಂತ.
ಹಿಡಿಕಿ ನೆಲಕ್ಕ ತಾಗಲಿಲ್ಲಂದ್ರ, ದೊಡ್ಡಾಂವ."

ನನ್ನನ್ನು ಸಾಲಿಗೆ ಹಚ್ಚುವಾಗ
ಲಕ್ಕುಂಡಿಯ ಮಾಸ್ತರು, ಬಲಗೈ ತಲೆಯ ಮೇಲಿಂದ ತಂದು
ಎಡಗಿವಿ ಮುಟ್ಟು ಅಂದಿದ್ದರು.
ಮುಟ್ಟಿತು. ಬರೆದುಕೊಂಡರು: ಜೂನ್ ಒಂದು.
ನಮ್ಮ ವರ್ಗದ ಇಪ್ಪತ್ತೆರಡು ಮಂದಿಯೂ
ಜೂನ್ ಒಂದಕ್ಕೇ ಹುಟ್ಟಿದವರು.
ಬಸ್ಸಿನ ಕಂಬಕ್ಕೆ ಅರ್ಧ ಟಿಕೀಟಿನ ಗೆರೆ;
ಅವ್ವ ಹಿಂದಿನಿಂದ ಚಿವುಟುವಳು, "ಮೊಣಕಾಲು ಮಡಚು."
ಅವನು ಅಲ್ಲಿ, ಅನ್ನದ ಪಾತ್ರೆ ಕಾಣುವ ಸಾಲಿನಲ್ಲಿ,
ತುದಿಗಾಲ ಮೇಲೆ ನಿಂತನಂತೆ.
ಇದು ಅರವತ್ತೆರಡನೇ ಪುಟ. ತಪ್ಪಿಲ್ಲ,
ಒಂದು ಅಲ್ಪವಿರಾಮದ ಹೊರತು.

ತಪ್ಪು ಇದ್ದದ್ದು ನೂರಾ ಹದಿನೆಂಟರಲ್ಲಿ.
"ಹೊಳೆಯ ಆಚೆ ದಂಡೆಯಲ್ಲಿ ಅವನನ್ನು ನಾನೇ ಕೊಂಡೆ."
ಡ ಅಲ್ಲ, ದ ಆಗಬೇಕು.
ಕರೆಂಟು ಹೋಗಿ ಬಂದ ಮೇಲೆ
ನಸೀಮಾ ಅವಸರದಲ್ಲಿ ಒತ್ತಿದ್ದು.
ಮೊದಲ ಪ್ರೂಫಿನಲ್ಲಿ ನನಗೂ ಕಾಣಲಿಲ್ಲ, ಎರಡನೆಯದರಲ್ಲೂ.
ಎರಡು ಪ್ರೂಫು ಅಂದರೆ ಇಪ್ಪತ್ತು ದಿನ,
ಆ ಹುಡುಗ ಯಾರನ್ನೂ ಕೊಂದಿರಲಿಲ್ಲ.
ಚೀಲ ಹಿಡಿದು ಸಂತೆಗೆ ಹೋಗಿದ್ದ,
ಚೌಕಾಸಿ ಮಾಡಿದ್ದ,
ಉಳಿದ ಚಿಲ್ಲರೆ ಮುಷ್ಟಿಯಲ್ಲಿಟ್ಟುಕೊಂಡು
ಹೊಳೆ ದಾಟಿ ಮನೆಗೆ ಬಂದಿದ್ದ.

ಪೆನ್ನಿನ ಟೋಪಿ ತೆಗೆದು ಹಾಗೇ ಕೂತೆ.
ಮಷೀನು ನಾಲ್ಕು ಸಲ ಇಳಿಯಿತು.

ಆಮೇಲೆ ಡ ಹೊಡೆದು ದ ಬರೆದೆ,
ದುಂಡಗೆ, ನಸೀಮಾಗೆ ಓದಲು ಬರುವ ಹಾಗೆ.
ಆ ಮಾತು ಬಾಯಿಗೆ ಬರಲು
ಅವನಿಗೆ ಹದಿನೇಳು ವರ್ಷ ಹಿಡಿಯಿತೆಂದು
ಮುನ್ನುಡಿಯಲ್ಲಿದೆ.
ಮೂರು ಪ್ರಶ್ನೆಚಿಹ್ನೆಗಳನ್ನೂ ಗೀಚಿ ತೆಗೆದೆ.
ಒಂಬತ್ತು, ಹನ್ನೊಂದು, ಹದಿಮೂರರ ಕೆಳಗೆ
ಚುಕ್ಕಿ ಚುಕ್ಕಿ ಇಟ್ಟು, ಅಂಚಿನಲ್ಲಿ: ಇರಲಿ.

ಸಂಜೆ ಬೆಟಗೇರಿ ಬಸ್ಸು. ಹೆಂಗಸರಿಗೆ ಪುಕ್ಕಟೆ.
"ಇವಂದು ಎಷ್ಟವಾ ವಯಸ್ಸು?"
"ಐದ್ರೀ."
"ಏಳು!" ಎಂದ ಹುಡುಗ, ಇಡೀ ಬಸ್ಸಿಗೆ ಕೇಳುವಂತೆ.
ಎಲ್ಲರೂ ನಕ್ಕರು, ಕಂಡಕ್ಟರನೂ.
ಅವ್ವ ತಲೆಗೊಂದು ಮೊಟಕಿದಳು.
ನಾನೂ ನಗಲು ಹೋಗಿ ಅವನ ಹಿಮ್ಮಡಿ ನೋಡಿದೆ.
ಚಪ್ಪಲಿಯಿಂದ ಮೇಲೆದ್ದಿದ್ದವು ಎರಡೂ,
ಮೇಲಿನ ಹಿಡಿಕೆ ಎಟುಕಲೆಂದು.