ಮಿಕ್ಕಲತೋಟ ಸ್ಟಾಪು

ಅಕ್ಷರಕ್ಕೆ ನಲವತ್ತು ರೂಪಾಯಿ ನನ್ನ ರೇಟು,
ಒತ್ತಕ್ಷರಕ್ಕೆ ಬೇರೆ ಕಾಸಿಲ್ಲ.
ಸಿದ್ದಾಪುರದಿಂದ ಆರನೇ ಮೈಲಿಯ ತಿರುವಿಗೆ
ಹಳದಿ ಹಲಗೆ, ಕಪ್ಪು ಬಣ್ಣ,
ಬರೆಯಬೇಕಾದ್ದು: ಮಿಕ್ಕಲತೋಟ.
ಐದೇ ಅಕ್ಷರ. ಇನ್ನೂರು ರೂಪಾಯಿ.
ಪಂಚಾಯಿತಿಯವರು ಅದಕ್ಕೂ ಚೌಕಾಸಿ ಮಾಡಿದರು.

ಮಿಕ್ಕಲು ಅಂದರೇನು, ಕೇಳಿದೆ.
ಚಾ ಅಂಗಡಿಯ ಕುಂಞಾಲಿ ಹೇಳಿದ:
ದೊರೆಗಳು ಹಂಚಿಕೊಂಡು ಮಿಕ್ಕಿದ್ದು, ಅದಕ್ಕೇ.
ಕೋಳುಮಾಡಂಡ ಬೆಳ್ಯಪ್ಪನವರು ಜೀಪು ನಿಲ್ಲಿಸಿ ತಿದ್ದಿದರು:
ಅಲ್ಲ ಮಾರಾಯ, ಬೋರರ್ ಹುಳ ತಿಂದು ಮಿಕ್ಕಿದ್ದು.
ನಾನು ಎರಡನ್ನೂ ನಂಬಿದೆ, ಒಂದಾದ ಮೇಲೊಂದು.

ಆಮೇಲೆ ಬಂತು ಯಾರ್ಕ್‌ಶೈರಿನಿಂದ ಕಾಗದ,
ನಿವೃತ್ತ ಟೀಚರೊಬ್ಬರದು, ಗುಂಡು ಗುಂಡು ಕೈಬರಹ:
ಅಲ್ಲಿ ನಮ್ಮವರೊಬ್ಬರ ಸಮಾಧಿ ಇರಬೇಕು,
ಒಂದು ಫೋಟೋ ಕಳಿಸುವಿರಾ?
ಕಾಫಿ ಗಿಡದ ನಡುವೆ ಕತ್ತಿಯಲ್ಲಿ ದಾರಿ ಮಾಡಿ
ಹಾವಸೆ ಕೆರೆದೆ, ತೆಂಗಿನ ನಾರಿನಲ್ಲಿ ಉಜ್ಜಿದೆ.
ಮಿಕಲ್‌ತ್ವೇಟ್.
ಇಂಗ್ಲಿಷಿನಲ್ಲಿ ಹದಿಮೂರು ಅಕ್ಷರ, ಕಲ್ಲಲ್ಲಿ ಕೊರೆದದ್ದು.
ಲೆಕ್ಕ ಹಾಕಿದೆ: ಐನೂರಿಪ್ಪತ್ತು.
ಕೆತ್ತಿದವನ ಕೈ ಚೆನ್ನಾಗಿತ್ತು; ಕೊನೆಯ ಎರಡನ್ನು ಮಾತ್ರ
ಜಾಗ ಸಾಲದೆ ಒತ್ತಿ ಕೂರಿಸಿದ್ದ,
ಸಂತೆ ದಿನದ ಬಸ್ಸಿನಲ್ಲಿ ಮಕ್ಕಳನ್ನು ಕೂರಿಸಿದಂತೆ.

ಟೀಚರಮ್ಮ ಅರ್ಥವನ್ನೂ ಬರೆದಿದ್ದರು.
ಸಾವಿರ ವರ್ಷದ ಹಿಂದೆ ಬಡಗಣ ಕಡಲಿಂದ
ದೋಣಿಯಲ್ಲಿ ಬಂದವರ ಮಾತಂತೆ:
ಮಿಕಲ್ ಎಂದರೆ ದೊಡ್ಡದು,
ತ್ವೇಟ್, ಮರ ಕಡಿದು ಬಯಲಾದ ನೆಲ.
ಮೊದಲು ಊರಿಗೆ ಹೆಸರು,
ಊರು ಬಿಟ್ಟವರಿಗೆ ಅದೇ ಮನೆಹೆಸರು.
ಬೆಳ್ಯಪ್ಪನವರು ಕೇಳಿ ನಕ್ಕರು:
ನಮ್ಮ ಮನೆಹೆಸರು ಮುಂದೆ ನಡೆಯುತ್ತೆ, ಕೋವಿ ಹಿಡಿದು;
ಅವರದ್ದು ಹಿಂದಿನಿಂದ ಬರುತ್ತೆ, ಪೆಟ್ಟಿಗೆ ಹೊತ್ತು.

ಹೆಸರೇ ಕಡಿದ ಕಾಡು. ಅದನ್ನು ಹೊತ್ತು ಬಂದವನು
ಇಲ್ಲಿ ಮತ್ತೊಂದನ್ನು ಕಡಿಸಿದ.
ಕಡಿದವರು
ಲೈನ್‌ಮನೆಯ ಮುತ್ತನ ಮುತ್ತಜ್ಜನ ಕಡೆಯವರು.
ವೋಟರ್ ಲಿಸ್ಟಿನಲ್ಲಿ ಅವನು ಪಣಿ ಎರವರ ಮುತ್ತ,
ಪಕ್ಕದವನು ಪಣಿ ಎರವರ ಚೋಮ,
ಇಡೀ ಲೈನಿಗೆ ಒಂದೇ ಮನೆಹೆಸರು,
ಮನೆ ಮಾತ್ರ ತೋಟದ್ದು.
ಅದಕ್ಕೂ ಮುಂಚೆ ಈ ಜಾಗಕ್ಕೆ ಏನಂತಿದ್ದರು?
ಮುತ್ತ ಎಲೆಯಡಿಕೆ ಉಗಿದು ನನ್ನ ಬ್ರಷ್ಷನ್ನೇ ನೋಡಿದ:
ಕಾಡಿಗೆ ಯಾರು ಬೋರ್ಡು ಹಾಕ್ತಾರೆ?

ಹದಿಮೂರು ಸವೆದು ಐದಾದದ್ದು ಹೀಗೇ ಇರಬೇಕು:
ಹಾಜರಿ ಕರೆವ ಮೇಸ್ತ್ರಿಯ ಬಾಯಲ್ಲಿ,
ಮೊದಲ ಬಸ್ಸಿನ ಕಂಡಕ್ಟರನ ಬಾಯಲ್ಲಿ,
ತಡವಾಗಿ ಓಡಿ ಬಂದ ಶಾಲೆ ಹುಡುಗಿಯ ಬಾಯಲ್ಲಿ.
ತ್ವೇಟು ತೋಟವಾಯಿತು,
ಯಾರೂ ಸುಳ್ಳು ಹೇಳಿದ್ದಲ್ಲ.

ಗೋರಿಯ ಫೋಟೋ ಜೊತೆ ಬೋರ್ಡಿನದನ್ನೂ ಕಳಿಸಿದ್ದೆ.
ಉತ್ತರ ಬಂದಿದೆ: ಬಹಳ ಚೆಂದ,
ಇದರಲ್ಲಿ ನಮ್ಮ ಡಬ್ಲ್ಯೂ ಯಾವುದು?
ಏನಂತ ಬರೆಯಲಿ.
ರಾತ್ರಿ ಆನೆಯೊಂದು ಕಂಬಕ್ಕೆ ಮೈ ಉಜ್ಜಿ ಹೋಗಿದೆ.
ತೋಟ ಓದಬಹುದು, ಮಿಕ್ಕಲದ ಮೇಲೆಲ್ಲ ಕೆಸರು.
ನಾಳೆ ಹೋಗಿ ಒರೆಸಬೇಕು.
ಒರೆಸಿದ್ದಕ್ಕೆ ರೇಟಿಲ್ಲ.