ಸುಣ್ಣದ ಗೆರೆ

ಆಸ್ಟಿನ್ ಟೌನ್ ಮೈದಾನಕ್ಕೆ ನಾನು ಸುಣ್ಣದವನು.
ಬೆಳಿಗ್ಗೆ ಐದೂವರೆಗೆ ಗೆರೆ ಹಾಕುತ್ತೇನೆ,
ಸಂಜೆಯೊಳಗೆ ಹುಡುಗರು ಅಳಿಸುತ್ತಾರೆ.
ಇಪ್ಪತ್ತಾರು ವರ್ಷದಿಂದ ಇದೇ ಲೆಕ್ಕ.

ಪೋರ್ಚುಗಲ್ಲಿನ ಅಬೀಲಿಯು ಕೋಚಾಗಿ ಬಂದ ದಿನ
'ಕಾಲ್, ಕಾಲ್' ಎಂದು ಕೈ ಚಾಚಿದ.
ಯಾರ ಕಾಲು ಸಾರ್, ಎಂದೆ.
ನನ್ನ ಡಬ್ಬಿಗೆ ಬೆರಳದ್ದಿ
ಬಿಳಿ ತುದಿ ತೋರಿಸಿದ.
ಅವರ ಮಾತಲ್ಲಿ ಸುಣ್ಣವೇ ಕಾಲ್ ಅಂತೆ.
ಹೇಳಿ ಕೇಳಿ ಕಾಲ್ಚೆಂಡಿನವನು!
ನಾನು ನಕ್ಕದ್ದೇಕೆಂದು ಅವನಿಗೆ ಬಿಡಿಸಿ ಹೇಳಲು
ಗೋಲಿ ಇನ್ನಾಸಿಮುತ್ತುವೇ ಬರಬೇಕಾಯಿತು.

ಅವನಪ್ಪ ಊರ ಮನೆಗಳಿಗೆ ಸುಣ್ಣ ಬಳಿಯುತ್ತಿದ್ದ,
ಗೋಡೆಯೆಲ್ಲ ಬಿಳಿ, ಬುಡಕ್ಕೆ ಒಂದು ಮೊಳ ನೀಲಿ.
ಏಣಿ ಹಿಡಿಯಬೇಕಿದ್ದ ಮಗ
ಏಣಿ ಬಿಟ್ಟು ಚೆಂಡಿನ ಹಿಂದೆ ಓಡಿದ.
ಅಪ್ಪ ಬಿದ್ದನೇ?
ನಾನು ಕೇಳಲಿಲ್ಲ.

ದೇಶದ ಅಂಗಿ ತೊಟ್ಟದ್ದು ಒಂಬತ್ತು ಸಲ.
ಒಟ್ಟು ಇನ್ನೂರ ಹನ್ನೊಂದು ನಿಮಿಷ.
ಎಡಗಡೆಯ ಹಿಂಗಾವಲು, ಗೆರೆಯ ಪಕ್ಕದಲ್ಲೇ ಸಂಸಾರ.
ಒಂಬತ್ತನೇ ಸಲ, ಎಂಬತ್ತೆಂಟನೇ ನಿಮಿಷ,
ಚೆಂಡು ಹೊರಗೆ ಹೋಯಿತೆಂದು ಕೈಯೆತ್ತಿ ನಿಂತುಬಿಟ್ಟ.
ಹೋಗಿರಲಿಲ್ಲ.
ಸುಣ್ಣದ ಮೇಲೇ ಇತ್ತು.
ಹತ್ತನೇ ಸಲ ಯಾರೂ ಕರೆಯಲಿಲ್ಲ.

ಅದಕ್ಕೇ ಇರಬೇಕು, ಮೊದಲ ವಾರ ಇಲ್ಲಿ ಚೆಂಡೇ ಕೊಡಲಿಲ್ಲ.
ಹುಡುಗರನ್ನು ನನ್ನ ಗೆರೆಯ ಮೇಲೆ ಸಾಲಾಗಿ ನಿಲ್ಲಿಸಿ
ಇದು ಒಳಗೋ ಹೊರಗೋ ಎಂದ.
ಹೊರಗೆ, ಎಂದ ಸುಹೇಲ.
ಆರು ಸುತ್ತು ಓಡಿಸಿದ.
ಗೆರೆಯೂ ಮೈದಾನವೇ ಕಣೋ, ಎಂದು ನಾನೇ ಹೇಳಿಕೊಟ್ಟೆ,
ಎರಡು ಸುತ್ತು ಮನ್ನಾ ಆಯಿತು.

ಏಳು ಪಂದ್ಯ, ಐದು ಸೋಲು.
ಗುರುವಾರ ರಿಚ್ಮಂಡ್ ರಸ್ತೆಯ ಆಫೀಸಿನಿಂದ ಫೋನು.

ಶುಕ್ರವಾರ ಮಬ್ಬಿನಲ್ಲೇ ಬಂದ.
ಚಾಂದಮ್ಮನ ಗಾಡಿಯಲ್ಲಿ ಎಂದಿನಂತೆ ಎರಡು ಟೀ,
ಅವನಿಗೆ ಸಕ್ಕರೆ ಹೆಚ್ಚು.
ಕೋಣೆಯ ಚಾವಿ ನನ್ನ ಅಂಗೈಗಿಟ್ಟ.
ಆದರೂ ಹೋಗಲಿಲ್ಲ. ಗೆರೆಯ ಗಾಡಿ ಕೇಳಿದ.
ಈ ಗಾಡಿಯನ್ನು ನಾನು ಹೆಂಡತಿಯ ತಮ್ಮನಿಗೂ ಕೊಟ್ಟವನಲ್ಲ.
ಕೊಟ್ಟೆ.

ಕೆಟ್ಟ ಮೊಣಕಾಲು ಎಳೆಯುತ್ತ
ಎಡಗಡೆಯ ಗೆರೆ ಪೂರ್ತಿ ಎಳೆದ, ತಲೆ ಎತ್ತದೆ.
ಸೊಟ್ಟ.
ನಡುವಿನಲ್ಲಿ ಒಂದು ಮೊಳ ಹೊರಕ್ಕೆ ಬಾಗಿತ್ತು.

ಶನಿವಾರ ಅದರ ಮೇಲೇ ಇನ್ನೊಂದು ಕೈ ಸುಣ್ಣ ಹಾಕಿದೆ,
ತಿದ್ದಲಿಲ್ಲ.
ಭಾನುವಾರ ರೆಫರಿ ಬಗ್ಗಿ ಗೆರೆ ನೋಡಿದ,
ಎದ್ದು ನನ್ನನ್ನು ನೋಡಿದ.
ಕಣ್ಣು ಮಂಜು ಸಾರ್, ವಯಸ್ಸಾಯಿತು, ಎಂದೆ.

ಆಟ ಮುಗಿಯಲು ಹತ್ತು ನಿಮಿಷವಿತ್ತೇನೋ,
ಚೆಂಡು ಆ ಸೊಟ್ಟಿನೊಳಕ್ಕೆ ಉರುಳಿತು.
ಎದುರಾಳಿ ಹುಡುಗ ಕೈಯೆತ್ತಿ ನಿಂತ.
ಸುಹೇಲ ನಿಲ್ಲಲಿಲ್ಲ.

ಗೋಲಾಯಿತೆಂದರೆ ಕತೆ ಚಂದ.
ಕಂಬಕ್ಕೆ ಬಡಿದು ಹಿಂದಕ್ಕೆ ಬಂತು,
ಉರುಳಿ ಉರುಳಿ ನನ್ನ ಡಬ್ಬಿಯ ಹತ್ತಿರ ನಿಂತಿತು.
ಎತ್ತಿ ಕೊಡುವಾಗ ನೋಡಿದೆ,
ಒಂದು ಬದಿಗೆ ಬಿಳಿ ಹತ್ತಿತ್ತು.